ಸಮಾನರಾಗುವ ತಾಲೀಮು

“ಏ ಸಾವಂತ್ರಿ, ಬೋಸುಡಿ, ಚಪ್ಪಲ್ ಹಾಕ್ಕೊಂಡು ನಡಿ ಅಂದ್ರ ನಿನ್ನ ತಲ್ಯಾಗ ಇಳಿಯಂಗಿಲ್ಲೇನ? ಕಾಲಾಗ ಹಾಕ್ಕೋಳ! ಮರ್ಯಾದಿಯಿಂದ ನಡಿಯಾಕ ಏನ್ ರೋಗ ಬಡದೈತಿ ನಿನಗ?”

ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಕುಳಿತ ಶಿವಯೋಗಿಗೌಡ ನನ್ನ ಅವ್ವನಿಗೆ ಹೀಗೆ ಬೈಯುತ್ತಿದ್ದ. ಅವ್ವ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬೀದಿಯ ನಡುವೆ ನಿಂತುಬಿಟ್ಟಿದ್ದಳು. ನಮ್ಮ ಮಾದರ ಓಣಿ ಮುಗಿದು ಊರ ದೊಡ್ಡ ಓಣಿ ಶುರುವಾಗುವ ಕಡೆ ಒಂದು ಬೇವಿನ ಗಿಡವಿದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ, ಆ ಗಿಡದ ಹತ್ತಿರ ಬಂದರೆ ಅವಳ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ, ಕೈ ತಾನಾಗಿ ಎತ್ತಿಕೊಳ್ಳುತ್ತದೆ. ಈ ಅಭ್ಯಾಸ ಮಾಡಿಸಿದವನು ಇದೇ ಗೌಡನ ಅಪ್ಪ. ಮಗ ಅದನ್ನು ಒಂದು ಮುಂಜಾನೆಯಲ್ಲಿ ಬಿಡಿಸಲು ಹಟ ಹಿಡಿದು ಕುಳಿತಿದ್ದ.

“ತಿರುಗಿ ಹೋಗ್ರಿ. ಮತ್ತ ಗಿಡದಿಂದ ಬರ್ರಿ. ನಕ್ಕೋಂತ ಬರ್ರಿ. ಹೆಣಾ ಹೊತ್ತೋರಂಗ ಮಾರಿ ಮಾಡ್ಕೊಂಡು ಬರಬ್ಯಾಡ್ರಿ, ಹಲ್ಕಟ್ ಸೂಳೇಮಕ್ಕಳ.”

ನಾವು ಓಣಿಯವರೆಲ್ಲ ತಿರುಗಿ ಹೋದೆವು. ಮತ್ತೆ ಬಂದೆವು. ಈ ಸಲ ಅವ್ವ ಚಪ್ಪಲಿ ಮೆಟ್ಟಿಕೊಂಡೇ ನಡೆದಳು, ಆದರೆ ಕಾಲಡಿಯಲ್ಲಿ ಕೆಂಡವಿದ್ದ ಹಾಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದಳು. ಕಟ್ಟೆಯ ಮೇಲಿದ್ದ ಹುಡುಗರು ನಕ್ಕರು. ಗೌಡ ಅವರಿಗೂ ಬೈದ. ಬಡವರನ್ನು ನೋಡಿ ನಗಬಾರದು ಎಂದು ಅವರಿಗೆ ಬುದ್ಧಿ ಹೇಳಿದ. ಅಂದು ಗೌಡನ ಬಾಯಿಂದ ಏನೇನು ಕೇಳಿದೆವೋ ದೇವರಿಗೇ ಗೊತ್ತು.

ವಿಷಯ ಇಷ್ಟೇ. ಹುಬ್ಬಳ್ಳಿಯ ಕಡೆಯ ಒಂದು ಪ್ರತಿಷ್ಠಾನ ಸರ್ಕಾರದ ಇಲಾಖೆಯೊಂದರ ಜೊತೆ ಕೂಡಿಕೊಂಡು ‘ಸಮಭಾವ ಗ್ರಾಮ’ ಎಂಬ ಪ್ರಶಸ್ತಿ ಹುಟ್ಟಿಸಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಮೇಲು ಕೀಳು ಇಲ್ಲದ ಒಂದು ಊರನ್ನು ಹುಡುಕಿ ಸನ್ಮಾನ ಮಾಡುವುದು ಅವರ ಆಸೆ. ಇದ್ದರಲ್ಲವೇ ಹುಡುಕುವುದು? ಆದರೆ ಗೌಡನಿಗೆ ಜಿಲ್ಲಾ ಪಂಚಾಯ್ತಿಗೆ ನಿಲ್ಲುವ ತುರಿಕೆ ಹತ್ತಿತ್ತು. ನಮ್ಮೂರಿನಲ್ಲಿ ಭೇದಭಾವ ಹೆಸರಿಗೂ ಇಲ್ಲ, ಬಂದು ಕಣ್ಣಾರೆ ನೋಡಿರಿ ಎಂದು ಅವನೇ ಕರೆದು ಬಂದಿದ್ದ. ನೋಡುವವರು ಬರುವುದು ಆ ವಾರದ ಕೊನೆಗೆ. ಅಷ್ಟರೊಳಗೆ ನಾವು ಸಮಾನರಾಗುವುದನ್ನು ಕಲಿಯಬೇಕಿತ್ತು. ನಾಟಕದವರ ಹಾಗೆ ತಾಲೀಮು ನಡೆದಿತ್ತು.

ಗುಡಿಯ ಬಾಗಿಲ ಮುಂದೆ ಪೂಜಾರಿ ಕೈ ಅಡ್ಡ ಹಿಡಿದ.

“ಇಲ್ಲೇ ನಿಂದರ್ರಿ. ಒಳಗ ಹೋಗೂದು ಅವತ್ತ.”

“ತಾಲೀಮಂದ್ರ ಪೂರಾ ಮಾಡಬೇಕಲ್ರೀ,” ಎಂದೆ ನಾನು.

“ಇವತ್ತೂ ಒಳಗ ಹೊಕ್ಕರ ಎರಡ ಸಲ ಗುಡಿ ತೊಳೀಬೇಕಾಕ್ಕೈತಿ. ನೀರ ನೀ ಹೊರತೀಯೇನ?”

ಅವನು ಚೇಷ್ಟೆಗೆ ಹೇಳಲಿಲ್ಲ. ಮಡಿ ನೀರಿನ ಕಷ್ಟ ಅವನಿಗೆ ನಿಜವಾಗಿ ಕಷ್ಟವೇ. ನಾವು ಹೊಸ್ತಿಲಿಂದಾಚೆ ನಿಂತು, ಒಳಗೆ ಹೋದವರ ಹಾಗೆ ಕೈಮುಗಿದು, ಹೊರಗೆ ಬಂದವರ ಹಾಗೆ ಹಿಂದೆ ಸರಿದೆವು. ಅವ್ವನಿಗೆ ಒಂದು ಮಾತನ್ನು ಬಾಯಿಪಾಠ ಮಾಡಿಸಿದರು. “ದಿನಾ ಬರ್ತೇನ್ರಿ, ಯಾರೂ ಏನೂ ಅನ್ನಂಗಿಲ್ರಿ.” ಅವ್ವ ಮೊದಲ ಸಲ ಹೇಳುವಾಗ, “ದಿನಾ ಬರ್ತೇನ್ರಿ, ಹೊರಗ ಕಸಾ ಹೊಡದು ಹೋಗ್ತೇನ್ರಿ,” ಎಂದಳು. ಗೌಡ ಹಣೆ ಬಡಿದುಕೊಂಡ.

ಇಷ್ಟೆಲ್ಲ ಅನ್ನಿಸಿಕೊಂಡು ನೀವು ಯಾಕೆ ಕುಣಿದಿರಿ ಎಂದು ಓದಿದವರು ಕೇಳುತ್ತಾರೆ. ಪುಸ್ತಕ ಓದುವುದಷ್ಟೇ ಗೊತ್ತಿರುವವರು ಕೇಳುವ ಪ್ರಶ್ನೆ ಅದು. ನಾವು ನನ್ನ ಅಪ್ಪನ ಸಲುವಾಗಿ ಹೋಗಿದ್ದೆವು.

ಅಪ್ಪನ ಹೆಸರು ಫಕ್ಕೀರಪ್ಪ. ಊರಿಗೆ ಹಲಗಿ ಬಾರಿಸಿ, ಡಂಗುರ ಸಾರಿ ಮುದುಕನಾದವನು. ಈಗ ದಮ್ಮು ಅವನನ್ನು ಹಾಸಿಗೆಗೆ ಕಟ್ಟಿಹಾಕಿತ್ತು. ತಾನು ಬಹಳ ದಿನದವನಲ್ಲ ಎಂದು ಅವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನಿಗೆ ಸಾಯುವ ಭಯ ಇರಲಿಲ್ಲ. ಸತ್ತ ಮೇಲಿನ ಭಯ ಇತ್ತು.

ನಮ್ಮ ಓಣಿಗೆ ಸುಡುಗಾಡು ಇದೆ. ಸರ್ಕಾರವೇ ಕೊಟ್ಟದ್ದು. ಕಲ್ಲು ನೆಟ್ಟು, ಬೋರ್ಡು ಹಾಕಿ, ಒಬ್ಬ ಸಾಹೇಬ ಬಂದು ಸಸಿ ಹಚ್ಚಿ ಹೋಗಿದ್ದಾನೆ. ಕೊಡದೆ ಉಳಿದದ್ದು ಅಲ್ಲಿಗೆ ಹೋಗುವ ದಾರಿ ಮಾತ್ರ. ಓಣಿಗೂ ಸುಡುಗಾಡಿಗೂ ನಡುವೆ ಶಿವಯೋಗಿಗೌಡನ ಹೊಲ. ಮೊದಲು ಬದುವಿನ ಗುಂಟ ಒಂದು ಗಾಡಿ ಜಾಡಿತ್ತು. ಗೋವಿನಜೋಳಕ್ಕೆ ರೇಟು ಬಂದ ಮೇಲೆ ಗೌಡ ಆ ಜಾಡನ್ನೂ ನೇಗಿಲು ಹೊಡೆದು ಬಿತ್ತಿಕೊಂಡ. ಈಗ ಹೆಣ ಒಯ್ಯಬೇಕೆಂದರೆ ಹಳ್ಳ ಇಳಿದು ಸುತ್ತಿ ಹೋಗಬೇಕು. ಸುಡುಗಾಡು ಮಂಜೂರು ಮಾಡಿದ ಯಾವ ಬುದ್ಧಿವಂತನಿಗೂ ಸತ್ತವರು ಎದ್ದು ನಡೆಯುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಗಂಗವ್ವ ತೀರಿಕೊಂಡಳು. ಹಳ್ಳ ತುಂಬಿತ್ತು. ಎದೆಮಟ್ಟ ನೀರಿನಲ್ಲಿ ಚಟ್ಟ ಹೊತ್ತು ನಡೆಯುವಾಗ ಮುಂದಿನವನ ಕಾಲು ಜಾರಿತು. ಗಂಗವ್ವ ನೀರಿಗೆ ಹೋದಳು. ನನ್ನ ತಮ್ಮ ಹಾಲೇಶ ಜಿಗಿದು ಅವಳ ಸೀರೆ ಹಿಡಿದ. ಸೀರೆ ಕೈಗೆ ಬಂತು, ಗಂಗವ್ವ ಬರಲಿಲ್ಲ. ಕೆಳಗೆ ಜಾಲಿಯ ಕಂಟಿಗೆ ಸಿಕ್ಕಿಬಿದ್ದ ಅವಳನ್ನು ಹಾಗೆಯೇ ಮೈಮೇಲೆ ಅರಿವೆಯಿಲ್ಲದೆ ಎತ್ತಿ ತಂದರು. ಜೀವಮಾನದಲ್ಲಿ ಗಂಡಸರ ಎದುರು ತಲೆಯ ಸೆರಗು ಇಳಿಸದ ಹೆಂಗಸು. ದಂಡೆಯ ಮೇಲೆ ಹಲಗಿ ಹಿಡಿದು ನಿಂತಿದ್ದ ಅಪ್ಪ ಅದನ್ನು ನೋಡಿದ. ಅಂದಿನಿಂದ ಅವನದು ಒಂದೇ ಮಾತು.

“ಮಲ್ಲಿಕಾ, ನನ್ನ ನೀರಾಗ ಹಾಕಬ್ಯಾಡ್ರಬೇ. ನಮ್ಮಪ್ಪ ಮಲಗಿದಲ್ಲಿಗೆ ನನ್ನ ಒಣಾ ಮೈಲೇ ಒಯ್ರಿ.”

ಗೌಡನಿಗೆ ಇದು ಗೊತ್ತಿತ್ತು. ಊರಲ್ಲಿ ಯಾರ ಸಂಕಟ ಯಾವುದು ಎಂಬುದನ್ನು ಅವನು ಚೆನ್ನಾಗಿ ತಿಳಿದುಕೊಂಡಿರುತ್ತಾನೆ, ಬೇಕಾದಾಗ ಬಳಸಲು. ಅವನೇ ನಮ್ಮ ಓಣಿಗೆ ಬಂದ. ಅವ್ವ ಕಂಬಳಿ ಹಾಸಿದಳು, ಅವನು ಕುಳಿತುಕೊಳ್ಳಲಿಲ್ಲ. ಅಂಗಳದಲ್ಲೇ ನಿಂತು ಒಳಗೆ ಮಲಗಿದ್ದ ಅಪ್ಪನಿಗೆ ಕೇಳುವ ಹಾಗೆ ಹೇಳಿದ.

“ಫಕ್ಕೀರ್ಯಾ, ಅವರು ಬಂದಾಗ ನಿಮ್ಮ ಮಂದಿ ನೆಟ್ಟಗ ನಡಕೊಂಡ್ರ, ಬದುವಿನ ಮ್ಯಾಲ ಗಾಡಿ ದಾರಿ ಬಿಟ್ಟು ಕೊಡ್ತೇನಿ. ದ್ಯಾಮವ್ವನ ಆಣಿ. ನೀನೂ ಬರಬೇಕ ಮತ್ತ. ನಿನ್ನಂಥ ಹಿರೇ ಮನಶ್ಯಾ ಹೋಟೆಲಿನ್ಯಾಗ ಕುಂತು ಚಾ ಕುಡದ್ರ ನೋಡೋರಿಗೆ ಖರೇ ಅನಸ್ತೈತಿ.”

ಅಪ್ಪ ಹಾಸಿಗೆಯಲ್ಲೇ ಎದ್ದು ಕುಳಿತು ಕೈ ಮುಗಿದ. “ಬರ್ತೇನ್ರೀ ಯಪ್ಪಾ, ತೆವಳಿಕೋಂತರೆ ಬರ್ತೇನಿ.”

ಅದಕ್ಕೇ ನಾವು ಆ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ತಿರುಗಿದ್ದು.

ನೋಡುವವರು ಬಂದರು. ಪ್ರತಿಷ್ಠಾನದಿಂದ ಪದ್ಮಜಾ ಮೇಡಂ, ಇಲಾಖೆಯಿಂದ ಪ್ರಾಣೇಶ ಸಾಹೇಬರು, ಅವರ ಹಿಂದೆ ಕ್ಯಾಮರಾ ಹಿಡಿದವರು. ಮೇಡಂ ಒಳ್ಳೆಯವರೇ. ಕಾರು ಇಳಿದವರೇ ಅವ್ವನ ಎರಡೂ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು. ಅವರ ಕಣ್ಣಿಗೆ ನೀರು ಬಹಳ ಬೇಗ ಬರುತ್ತಿತ್ತು. ಓಣಿಯ ಮಕ್ಕಳ ತಲೆ ಸವರಿದರು, ನಮ್ಮ ಗುಡಿಸಲುಗಳ ಗೋಡೆಯ ಮೇಲಿನ ಚಿತ್ತಾರ ನೋಡಿ “ಎಷ್ಟು ಛಂದ ಅದ ನೋಡ್ರಿ” ಎಂದರು. ಗೋಡೆ ಬಿರುಕು ಬಿಟ್ಟದ್ದನ್ನು ಮುಚ್ಚಲು ಬರೆದ ಚಿತ್ತಾರ ಅದು. ಪ್ರಾಣೇಶ ಸಾಹೇಬರು ಮಾತ್ರ ಗಡಿಯಾರ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು ಎಂಬುದು ನನಗೆ ಮುಖ ನೋಡಿದಾಗಲೇ ತಿಳಿಯಿತು.

ಗುಡಿಯೊಳಗೆ ಹೋದೆವು. ಅವ್ವ ಕಲಿಸಿದ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದಳು. ದೇವಿಯ ಮುಂದೆ ಅವಳು ಆಡಿದ ಮೊದಲ ಮಾತೇ ಸುಳ್ಳಾಯಿತು ಎಂದು ಆಮೇಲೆ ಬಹಳ ನೊಂದುಕೊಂಡಳು. ಪೂಜಾರಿ ನಗುತ್ತ ತೀರ್ಥ ಕೊಟ್ಟ. ಸೌಟನ್ನು ಎಷ್ಟು ಮೇಲೆ ಹಿಡಿದಿದ್ದನೆಂದರೆ ಅರ್ಧ ತೀರ್ಥ ಅವ್ವನ ಮೊಣಕೈಗೆ ಬಿತ್ತು.

ಮುಂದೆ ಗುಡ್ಡಪ್ಪನ ಹೋಟೆಲು. ಹಾಲೇಶ ಅಪ್ಪನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದಿದ್ದ. ಒಗೆದ ಧೋತರ, ತಲೆಗೆ ರುಮಾಲು. ಒಳಗಿನ ಬೆಂಚಿನ ಮೇಲೆ ಗೌಡನೇ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅಪ್ಪ ಬೆಂಚಿನ ತುದಿಗೆ ಕುಳಿತ. ಆ ಹೋಟೆಲಿನ ಗೋಡೆ ಕಟ್ಟುವಾಗ ಇಟ್ಟಿಗೆ ಹೊತ್ತವನು, ಅದರ ಒಳಗೆ ಕುಳಿತದ್ದು ಅದೇ ಮೊದಲು. ಗುಡ್ಡಪ್ಪ ಎಲ್ಲರಿಗೂ ಗಾಜಿನ ಗಿಲಾಸಿನಲ್ಲಿ ಚಹಾ ಕೊಟ್ಟ. ಅಪ್ಪನಿಗೂ ಕೊಟ್ಟ. ಕ್ಯಾಮರಾದವರು ಹತ್ತಿರ ಬಂದರು. ಅಪ್ಪ ಊದಿ ಊದಿ ಕುಡಿದ. ಎಲ್ಲ ನೆಟ್ಟಗೆ ನಡೆಯಿತು ಎಂದು ನಾನು ಉಸಿರು ಬಿಟ್ಟೆ.

ಕುಡಿದು ಮುಗಿಸಿದ ಅಪ್ಪ ಗಿಲಾಸು ಹಿಡಿದು ಎದ್ದ. ಗೋಡೆ ಹಿಡಿಯುತ್ತ ಹೊರಗೆ ಹೋದ. ನೀರಿನ ಬ್ಯಾರಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಬೂದಿ ತೆಗೆದುಕೊಂಡು ಗಿಲಾಸನ್ನು ತಿಕ್ಕಿ ತೊಳೆದ. ತೊಳೆದು, ಹೊರಗಿನ ಕಿಡಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ.

ತಾಲೀಮಿನಲ್ಲಿ ಎಲ್ಲ ಹೇಳಿಕೊಟ್ಟಿದ್ದರು, ಇದೊಂದನ್ನು ಹೇಳಿಕೊಡಲು ಯಾರಿಗೂ ನೆನಪಾಗಿರಲಿಲ್ಲ.

“ಯಾಕ ಅಜ್ಜಾರ, ನೀವ್ಯಾಕ ತೊಳೀಲಿಕ್ಕೆ ಹತ್ತೀರಿ?” ಮೇಡಂ ಕೇಳಿದರು.

ಅಪ್ಪ ಅವರ ಮುಖ ನೋಡಿದ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಚಹಾ ಕುಡಿದವನು ಗಿಲಾಸು ತೊಳೆಯದೆ ಎದ್ದು ಹೋಗಬಹುದು ಎಂಬುದು ಅವನಿಗೆ ಕನಸಿನಲ್ಲೂ ಬಂದಿರಲಿಲ್ಲ.

“ಕುಡದೇನಲ್ರೀ ಯವ್ವಾ,” ಎಂದ.

ಗೌಡನ ಮುಖ ಕಪ್ಪಿಟ್ಟಿತು. ಆದರೆ ಅವನು ಸುಮ್ಮನೆ ಗೌಡನಾಗಿಲ್ಲ. ಗಬಕ್ಕನೆ ತನ್ನ ಗಿಲಾಸು ಎತ್ತಿಕೊಂಡ.

“ನಮ್ಮೂರಾಗ ಹಂಗರೀ ಮೇಡಂ. ಯಾರ ಕುಡದದ್ದು ಅವರ ತೊಳೀಬೇಕು. ಸ್ವಚ್ಛತಾ, ಸಮಾನತಾ, ಎರಡೂ ಆಕ್ಕಾವ. ನಡೀರಿ ಎಲ್ಲಾರೂ, ಏಳ್ರಿ!”

ಎದ್ದರು. ಗೌಡ, ಪೂಜಾರಿ, ಸೊಸೈಟಿಯ ಚೇರ್ಮನ್ನು, ಕಟ್ಟೆಯ ಮೇಲೆ ಕುಳಿತು ನಕ್ಕಿದ್ದ ಹುಡುಗರು, ಎಲ್ಲರೂ ಖಾಲಿ ಗಿಲಾಸು ಹಿಡಿದು ಬ್ಯಾರಲ್ಲಿನ ಮುಂದೆ ಪಾಳಿ ಹಚ್ಚಿದರು. ಹುಟ್ಟಿದಾಗಿನಿಂದ ಒಂದು ತಟ್ಟೆ ತೊಳೆದು ಗೊತ್ತಿಲ್ಲದ ಗಂಡಸರು. ಗೌಡ ಕುಕ್ಕರಗಾಲಲ್ಲಿ ಕೂರಲು ಹೋಗಿ ಮುಗ್ಗರಿಸಿದ. ಅಪ್ಪ ಅವನಿಗೆ ದಾರಿ ಬಿಟ್ಟು, ಬೂದಿಯ ಬುಟ್ಟಿಯನ್ನು ಅವನ ಕಡೆ ಸರಿಸಿ, “ಹಿಂಗ ತಿಕ್ರೀ ಗೌಡ್ರ,” ಎಂದ. ಕುಹಕದಿಂದಲ್ಲ, ನಿಜವಾಗಿ ಸಹಾಯ ಮಾಡಲೆಂದೇ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಮೇಡಂ ತಾವೂ ಒಂದು ಗಿಲಾಸು ತೊಳೆದರು, ಅತ್ತರು. ಮರುದಿನ ಪೇಪರಿನಲ್ಲಿ ಅದೇ ಫೋಟೋ ಬಂತು.

ಆ ಗದ್ದಲದಲ್ಲಿ ಅಪ್ಪ ಮೆಲ್ಲಗೆ ಪ್ರಾಣೇಶ ಸಾಹೇಬರ ಹತ್ತಿರ ಹೋಗಿ ನಿಂತ.

“ಸಾಹೇಬ್ರ, ಸುಡುಗಾಡಿಗೆ ದಾರಿ ಇಲ್ರೀ ನಮಗ. ಹಳ್ಳದಾಗ ಹೆಣಾ ತೇಲಿ ಹೊಕ್ಕಾವ್ರಿ.”

ಸಾಹೇಬರು ಅವನ ಭುಜದ ಮೇಲೆ ಕೈ ಇಟ್ಟರು. “ಇವತ್ತು ಅದನ್ನ ತೆಗೀಬ್ಯಾಡ್ರಿ ಅಜ್ಜಾರ. ಇವತ್ತು ಸಂತೋಷದ ದಿವಸ ಅದ. ಕುಂದುಕೊರತಿ ಕೇಳ್ಲಿಕ್ಕೆ ಬ್ಯಾರೆ ದಿವಸ ಇರ್ತದ.”

ಗಿಲಾಸು ಒರೆಸುತ್ತಿದ್ದ ಗೌಡ ಆ ಮಾತು ಕೇಳಿಸಿಕೊಂಡ.

ಹೋಗುವ ಮುಂಚೆ ಪ್ರತಿಷ್ಠಾನದವರು ನಮ್ಮ ಓಣಿಯ ಮನೆಮನೆಗೆ ಸ್ಟೀಲಿನ ಗಿಲಾಸು ಹಂಚಿದರು. ಗಿಲಾಸಿನ ಮೇಲೆ ‘ನಾವೆಲ್ಲರೂ ಒಂದೇ’ ಎಂದು ಕೊರೆಸಿತ್ತು. ಅದರಲ್ಲಿ ನಾವು ಏನು ಕುಡಿಯಬೇಕೆಂದು ಅವರು ಅಂದುಕೊಂಡಿದ್ದರೋ ಗೊತ್ತಿಲ್ಲ. ಗುಡ್ಡಪ್ಪನಿಗೆ ಮಾತ್ರ ಅದರ ಉಪಯೋಗ ಕೂಡಲೇ ಹೊಳೆಯಿತು. ಮುಂದಿನ ಸಲ ಹಾಲೇಶ ಹೋಟೆಲಿಗೆ ಹೋಗಿ ಚಹಾ ಕೇಳಿದಾಗ ಅವನು ಕೆಟಲಿ ಎತ್ತಿ ಹಿಡಿದು ಕಾಯ್ದ.

“ಗಿಲಾಸ ತಂದಿಲ್ಲೇನ?”

“ಯಾವ ಗಿಲಾಸಣ್ಣಾ?”

“ಮೇಡಮ್ಮಾರು ನಿಮಗಂತ ಕೊಟ್ಟಾರಲ್ಲೋ, ಸ್ಟೀಲಿಂದು. ತಂದು ಹೊರಗ ಕಿಡಕ್ಯಾಗ ಇಡ್ರಿ. ಅದರಾಗ ಹಾಕ್ತೇನಿ. ಗಾಜಿನ್ವು ಒಡದು ಹೊಕ್ಕಾವ.”

ಹಾಲೇಶ ಚಹಾ ಕುಡಿಯದೆ ಮನೆಗೆ ಬಂದ. ಓಣಿಯ ಎಲ್ಲರೂ ಹಾಗೆ ಬರಲಿಲ್ಲ. ಹೊಲಕ್ಕೆ ಹೋಗುವ ಮುಂಚೆ ಒಂದು ಗುಟುಕು ಚಹಾ ಬೇಕೇಬೇಕು. ಹದಿನೈದು ದಿನ ಕಳೆಯುವುದರೊಳಗೆ ಹೋಟೆಲಿನ ಕಿಡಕಿಯಲ್ಲಿ ‘ನಾವೆಲ್ಲರೂ ಒಂದೇ’ ಎಂಬ ಗಿಲಾಸುಗಳು ಸಾಲಾಗಿ ಬೋರಲು ಬಿದ್ದಿದ್ದವು. ಮೊದಲು ಅಲ್ಲಿ ನಮಗಾಗಿ ಇರುತ್ತಿದ್ದದ್ದು ಕಿವಿ ಮುರಿದ ಕಪ್ಪುಗಳು. ಒಪ್ಪಲೇಬೇಕು, ಸುಧಾರಣೆ ಆಗಿತ್ತು.

ಪ್ರಶಸ್ತಿ ನಮ್ಮೂರಿಗೇ ಬಂತು. ಊರ ಅಗಸಿಯಲ್ಲಿ ಫ್ಲೆಕ್ಸಿನ ಕಮಾನು ಎದ್ದಿತು. ಗೌಡ ನಡುವೆ ಕೈಮುಗಿದು ನಿಂತಿದ್ದ, ಮೂಲೆಯಲ್ಲಿ ಬೂದಿಬುಟ್ಟಿಯ ಮುಂದೆ ಕುಳಿತ ಅಪ್ಪ ಇದ್ದ. ಅವ್ವ ನನ್ನನ್ನು ಕರೆದುಕೊಂಡು ಗೌಡನ ವಾಡೆಗೆ ಹೋದಳು. ನಮ್ಮವರು ದಾಟಬಾರದ ಅಂಗಳದ ಕಲ್ಲಿನ ಆಚೆ ನಿಂತೆವು. ಗೌಡ ಜೋಕಾಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಅವ್ವ ನಿಂತದ್ದು ಕಂಡರೂ ಕಾಣದವನಂತೆ ಬಹಳ ಹೊತ್ತು ಅಡಿಕೆ ಕತ್ತರಿಸಿದ.

“ಏನಬೇ?”

“ದಾರಿ ಬಿಡ್ತೇನಂದಿದ್ರಿ ಯಪ್ಪಾ. ಮನ್ಯಾವರಿಗೆ ದಮ್ಮ ಭಾಳ ಆಗೈತಿ.”

“ಯಾವ ದಾರಿ?”

“ಬದುವಿನ ಮ್ಯಾಲಿಂದ್ರಿ. ಆಣಿ ಮಾಡಿದ್ರಿ.”

“ನೆಟ್ಟಗ ನಡಕೊಂಡ್ರ ಅಂದಿದ್ನಿ. ನಡಕೊಂಡ್ರೇನು? ನಿನ್ನ ಗಂಡ ಗಿಲಾಸ ತೊಳದು ನನ್ನ ಮಾನಾ ಕಳದ. ಊರ ಗೌಡ ನಾನು, ಬೂದ್ಯಾಗ ಕೈ ಇಟ್ಟು ತಿಕ್ಕಿದ್ನಿ. ಮ್ಯಾಲ ಸಾಹೇಬ್ರ ಮುಂದ ಹೋಗಿ ದಾರಿ ಅಂತ ಬಾಯಿ ತಗದ ಬಾಡ್ಯಾ. ಹೋಗು, ಸಾಹೇಬ್ರನ್ನ ಕೇಳು.”

“ಅವಗ ತಿಳೀಲಿಲ್ರಿ…”

“ಪೀಕು ಎದ್ದ ನಿಂತೈತಿ. ಆ ಮುದಿಯಾನ ಸಲುವಾಗಿ ತೆನಿ ಕಡದು ದಾರಿ ಮಾಡ್ಲೇನು? ಸುಗ್ಗಿ ಆಗ್ಲಿ, ನೋಡೂನು. ಅಲ್ಲೀತನಕ ಸಾಯಬ್ಯಾಡ ಅನ್ನು. ತಡಿಯಾಕ ಆಗಂಗಿಲ್ಲಂದ್ರ ಹಳ್ಳ ಐತಲ್ಲ. ಗಂಗವ್ವ ಹೋಗಿಲ್ಲೇನು? ಪುಗಸಟ್ಟೆ ಜಳಕಾ ಆಗಿಂದ ಹೊಕ್ಕಾನ.”

ಜೋಕಾಲಿಯ ಪಕ್ಕ ಕುಳಿತವರು ನಕ್ಕರು. ಅವ್ವ ಕೈಮುಗಿದು ತಿರುಗಿದಳು. ಅವಳು ಕೈಮುಗಿದದ್ದಕ್ಕೆ ನನಗೆ ಗೌಡನಿಗಿಂತ ಅವಳ ಮೇಲೇ ಸಿಟ್ಟು ಬಂತು. ಆ ಗೋವಿನಜೋಳದ ಬೀಜ ಊರಿದವರು ನಾವು, ಕಳೆ ತೆಗೆದವರು ನಾವು, ಗೊಬ್ಬರ ಹಾಕಿದವರು ನಾವು. ವಾಡೆಯ ಹೊರಗೆ ಬಂದು ಅಗಸಿಯ ಕಮಾನಿನ ಕಾಲಿಗೆ ಉಗುಳಿದೆ. ಅವ್ವ ನೋಡಿದಳು, ಬೈಯಲಿಲ್ಲ.

ಮನೆಯಲ್ಲಿ ಅಪ್ಪ ಕೇಳಿದ, “ಏನಂದ್ರು ಗೌಡ್ರು?”

“ಸುಗ್ಗಿ ಆಗಿಂದ ಬಿಡ್ತಾರಂತ,” ಎಂದಳು ಅವ್ವ.

“ಹಂಗಾರ ತಡೀತೇನಿ,” ಎಂದ ಅಪ್ಪ. ನಿಜವಾಗಿಯೂ ತಡೆಯಲು ನೋಡಿದ. ರಾತ್ರಿಯೆಲ್ಲ ಕುಳಿತು ಉಸಿರನ್ನು ಎಳೆದೆಳೆದು ತಂದುಕೊಳ್ಳುತ್ತಿದ್ದ. ಗೌಡನ ಜೋಳ ಒಣಗಲಿ ಎಂದು ಕಾಯುತ್ತ ಬದುಕಿದ್ದ ಮನುಷ್ಯ ಅವನು.

ಪ್ರಶಸ್ತಿ ಕೊಡುವ ಸಮಾರಂಭದ ಹಿಂದಿನ ದಿನ ಮುಂಜಾನೆ ಅಪ್ಪ ಹೋದ. ಅದರ ಹಿಂದಿನ ವಾರವೆಲ್ಲ ಮಳೆ ಹೊಡೆದಿತ್ತು, ಹಳ್ಳ ಎರಡೂ ದಂಡೆ ಮುಟ್ಟಿ ಹರಿಯುತ್ತಿತ್ತು. ಬಂಕಾಪುರದಿಂದ ಸೋದರತ್ತೆ ಬಂದು ಅಳು ತೆಗೆಯುವುದರೊಳಗೆ ಪ್ರಾಣೇಶ ಸಾಹೇಬರ ಜೀಪು ಓಣಿಯ ಬಾಯಿಗೆ ಬಂದು ನಿಂತಿತು. ಅವರ ಜೊತೆ ಗೌಡನೂ ಇದ್ದ. ಸಾವಿಗೆ ಇಷ್ಟು ಬೇಗ ಯಾವ ಸಾಹೇಬನೂ ನಮ್ಮ ಓಣಿಗೆ ಬಂದದ್ದಿಲ್ಲ. ನಾಳೆ ಮಂತ್ರಿಗಳು ಬರುವವರಿದ್ದರು.

ಸಾಹೇಬರು ಹೆಣಕ್ಕೆ ಕೈಮುಗಿದರು. “ಭಾಳ ದೊಡ್ಡ ಮನಷ್ಯಾರು. ಮೇಡಂ ಫೋನಿನ್ಯಾಗ ಅತ್ತುಬಿಟ್ರು. ಹಾರ ಕಳಸ್ಯಾರ. ನಾಳೆ ಸಭಾದಾಗ ಎರಡು ನಿಮಿಷ ಮೌನಾನೂ ಮಾಡಸ್ತೇವಿ.”

“ಎಲ್ಲಿಂದ ಒಯ್ಯೋಣ್ರಿ?” ಹಾಲೇಶ ಕೇಳಿದ.

“ಅದಕ್ಕ ವ್ಯವಸ್ಥಾ ಮಾಡೇನಿ. ಪ್ರತಿಷ್ಠಾನದ ಗಾಡಿ ಬರ್ತದ. ತಿಳವಳ್ಳಿ ದಾಟಿ ಆ ಕಡೆ ಸರ್ಕಾರಿ ಜಾಗಾ ಅದ. ಅಲ್ಲೇ ಶಾಂತ ರೀತಿಯಿಂದ ಮುಗಿಸಿ ಬಿಡೋಣ.”

“ಅಲ್ಲಿ ಯಾರ ಅದಾರ ಅವಗ?” ಅವ್ವ ಮೊದಲ ಸಲ ಬಾಯಿ ತೆರೆದಳು. ಅಪ್ಪನ ತಲೆಯ ಹತ್ತಿರ ಕುಳಿತವಳು ಎದ್ದು ಸಾಹೇಬರ ಎದುರು ಬಂದು ನಿಂತಳು. “ಅವನಪ್ಪ ಇಲ್ಲಿ ಅದಾನ. ನನ್ನ ಹಿರೇ ಮಗಾ ಇಲ್ಲಿ ಮಲಗ್ಯಾನ. ನಮ್ಮ ಊರಾಗ ಭೇದ ಇಲ್ಲಂತ ನೀವ ಬರದೀರಲ್ರೀ?”

“ಹೌದವಾ.”

“ಹಂಗಾರ ಹಳ್ಳ ದಾಟೂದ ಬ್ಯಾಡ. ಊರಾಗಿಂದ ಒಯ್ದು ಗೌಡ್ರ ಮನಿತನದೋರ ಸುಡುಗಾಡಿನ್ಯಾಗ ಹುಗೀತೇವಿ. ಅಲ್ಲಿಗೆ ಡಾಂಬರ ರಸ್ತಾ ಐತಿ.”

ಸಾಹೇಬರು ಗೌಡನ ಮುಖ ನೋಡಿದರು.

“ಹಂಗೆಲ್ಲಾ ಮಾತಾಡಬಾರದವಾ,” ಎಂದರು ಸಾಹೇಬರು, ಬಹಳ ಮೆತ್ತಗೆ. “ಮಂದೀದು ಭಾವನಾ ಇರ್ತಾವ. ಸಮಾನತಾ ಅಂದ್ರ ಒಮ್ಮೆಲೇ ಆಗೂದಲ್ಲ. ಹಂತಹಂತವಾಗಿ ಆಗ್ತದ.”

“ಹೆಣಾ ತಡಿಯಂಗಿಲ್ರೀ ಸಾಹೇಬ್ರ. ಹಂತಹಂತವಾಗಿ ನಾರತೈತಿ.”

ಅಷ್ಟು ಹೇಳಿ ಅವ್ವ ಒಳಗೆ ಹೋದಳು. ಜಂತಿಗೆ ಸಿಕ್ಕಿಸಿದ್ದ ಕುಡಗೋಲು ತೆಗೆದುಕೊಂಡು ಹೊರಗೆ ಬಂದಳು. ಯಾರ ಕಡೆಗೂ ನೋಡದೆ ಓಣಿಯ ಹಿಂದಿನ ಬೇಲಿಯತ್ತ ನಡೆದಳು. ಬೇಲಿಯ ಆಚೆ ಗೌಡನ ಗೋವಿನಜೋಳ ಆಳೆತ್ತರ ನಿಂತಿತ್ತು. ಅವ್ವ ಬೇಲಿಯ ಮುಳ್ಳು ಸರಿಸಿ ಒಳಗೆ ಹೋಗಿ, ಬಾಗಿ, ಮೊದಲ ಗಿಡದ ಬುಡ ಹಿಡಿದು ಎಳೆದು ಕೊಯ್ದಳು. ಅದು ತೆನೆಯ ಭಾರಕ್ಕೆ ಪಕ್ಕಕ್ಕೆ ಬಿತ್ತು.

ನನಗೆ ಆಗ ತಿಳಿಯಿತು. ಓಡಿ ಹೋಗಿ ನನ್ನ ಕುಡಗೋಲು ತಂದೆ. ಸುಹಾನಾ ತಂದಳು. ಅವಳು ನಮ್ಮ ಕೂಲಿಯ ಗುಂಪಿನವಳು, ಪಿಂಜಾರ ಓಣಿಯವಳು, ಮಣ್ಣಿಗೆಂದು ಬಂದವಳು. ಗಂಗವ್ವನ ಸೊಸೆ ತಂದಳು. ಓಣಿಯ ಹೆಂಗಸರೆಲ್ಲ ಬಂದರು. ನಮ್ಮಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ, ಓಣಿಯ ತುದಿಗೆ ನಿಂತು ಅತ್ತು ತಿರುಗಿ ಬರುತ್ತಾರೆ. ಅಂದು ಯಾರೂ ಆ ಮಾತೆತ್ತಲಿಲ್ಲ. ಕೂಲಿಗೆ ಹೋದಾಗ ಹಿಡಿಯುವ ಹಾಗೆಯೇ ಒಬ್ಬೊಬ್ಬಳು ಒಂದೊಂದು ಸಾಲು ಹಿಡಿದೆವು. ಹಿಂದೆ ಹಾಲೇಶ ಮತ್ತು ಗಂಡಸರು ಚಟ್ಟ ಎತ್ತಿದರು. ಯಾರೋ ಅಪ್ಪನ ಹಲಗಿಯನ್ನು ಬೆಂಕಿಗೆ ಕಾಸಿ ತಂದು ಬಾರಿಸಲು ಶುರು ಮಾಡಿದರು.

“ಏ! ಏ ಸೂಳೇರಾ! ಪೀಕು! ನನ್ನ ಪೀಕು!” ಗೌಡ ಕೆಸರಿನಲ್ಲಿ ಓಡಿಬಂದ. “ಹಾಲಗಾಳ ಅದಾವು, ಇನ್ನೂ ಬಲಿತಿಲ್ಲ! ಒಳಗ ಹಾಕಸ್ತೇನಿ ಎಲ್ಲಾರನ್ನೂ! ಪೊಲೀಸರಿಗೆ ಫೋನ್ ಮಾಡ್ರೀ ಸಾಹೇಬ್ರ!”

ಸಾಹೇಬರು ಬೇಲಿಯ ಆಚೆಯೇ ನಿಂತು ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದರು. “ಗೌಡ್ರ, ಪೊಲೀಸ್ರು ಬಂದ್ರ ಪೇಪರಿನವರೂ ಬರ್ತಾರ,” ಎಂದರು. “ನಾಳೆ ಕಾರ್ಯಕ್ರಮ ಅದ. ಏನರೆ ಹೊಂದಾಣಿಕಿ ಮಾಡ್ಕೋರಿ.” ನನಗೆ ಆ ಮನುಷ್ಯನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಕಾಲಿಗೆ ಹತ್ತಿದ ಕೆಸರನ್ನು ಕಲ್ಲಿಗೆ ಒರೆಸಿಕೊಳ್ಳುವುದರಲ್ಲಿ ಅವರಿದ್ದರು.

ಗೌಡ ನುಗ್ಗಿ ಬಂದು ಅವ್ವನ ಎದುರಿಗೆ ನಿಂತ. ಅವಳ ಕುಡಗೋಲಿನ ರಟ್ಟೆ ಹಿಡಿಯಲು ಕೈ ಚಾಚಿದ. ಕೈ ಅರ್ಧ ದಾರಿಗೆ ಬಂದು ನಿಂತಿತು. ಹೆಣದ ಮನೆಯ ಮಾದರ ಹೆಂಗಸು. ಮುಟ್ಟಿದರೆ ಏನೇನು ತೊಳೆಯಬೇಕಾದೀತು ಎಂದು ಅವನ ತಲೆಯಲ್ಲಿ ಓಡಿದ್ದು ಅವನ ಮುಖದ ಮೇಲೆ ಓದಲು ಬರುವಷ್ಟು ಸ್ಪಷ್ಟವಿತ್ತು.

ಅವ್ವ ಬಾಗಿದ್ದವಳು ನೆಟ್ಟಗಾದಳು. ರಟ್ಟೆಯನ್ನು ಅವನ ಮುಂದೆ ಹಿಡಿದಳು.

“ಹಿಡೀರಿ ಗೌಡ್ರ. ಹಿಡದು ನಿಲ್ಲಸ್ರಿ.”

ಗೌಡ ಕೈ ಹಿಂದೆಳೆದುಕೊಂಡ.

“ಹಿಡಿಯಾಕ ಆಗಂಗಿಲ್ಲಂದ್ರ ಸರೀರಿ ಆ ಕಡೆ. ನನ್ನ ಗಂಡ ಬರಾಕತ್ತಾನ.”

ಅವನು ಸರಿದ. ಸರಿಯುವಾಗ ತನ್ನದೇ ಜೋಳದ ಗಿಡಗಳನ್ನು ತುಳಿದುಕೊಂಡು ಸರಿದ. ಹಾಲೇಶನ ಹೆಗಲ ಮೇಲಿದ್ದ ಚಟ್ಟ ಅವನ ಮೂಗಿನ ಮುಂದೆಯೇ ಹಾಯ್ದು ಹೋಯಿತು. ಅಪ್ಪನ ಮೈ ಒಣಗಿತ್ತು, ಮೈಮೇಲಿನ ಬಿಳಿ ಅರಿವೆ ಒಣಗಿತ್ತು. ನಾವು ಕೊಯ್ಯುತ್ತ ಮುಂದೆ ಹೋದೆವು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೆ ತಿಳಿಯುತ್ತಿರಲಿಲ್ಲ, ಕೈ ಮಾತ್ರ ನಿಲ್ಲಲಿಲ್ಲ. ಸುಡುಗಾಡಿನ ಕಲ್ಲು ಜೋಳದ ತುದಿಯಲ್ಲಿ ಕಾಣಿಸಿತು. ಹಿಂದೆ ದೂರದಲ್ಲಿ ಎಲ್ಲಿಯೋ ಜೀಪಿನ ಹಾರ್ನು ಕೇಳಿಸುತ್ತಿತ್ತು, ಪೊಲೀಸರದೋ ಸಾಹೇಬರದೋ ಯಾರೂ ತಿರುಗಿ ನೋಡಲಿಲ್ಲ.

ಚಟ್ಟ ಹೋಗುವಷ್ಟು ಜಾಗವಾಗಿತ್ತು. ಸಾಕು ಎಂದು ಸುಹಾನಾ ಸೊಂಟ ನೆಟ್ಟಗೆ ಮಾಡಿಕೊಂಡಳು. ಅವ್ವ ಬಾಗಿದಲ್ಲಿಂದಲೇ, ತಲೆ ಎತ್ತದೆ ಕೂಗಿದಳು.

“ಇನ್ನೂ ಅಗಲ ಕೊಯ್ರೆವ್ವಾ. ಗಾಡಿ ಹಾಯೂವಷ್ಟ ಕೊಯ್ರಿ. ನಾಳೆ ನನಗೂ ಬೇಕು.”